ಊರಿನ ಇತಿಹಾಸ ಬರಿಯೋಕೆ ಹೊರಟ್ರಾ? ಮೊದ್ಲು ಅಂಗಳದ ನೀರು ಎತ್ಲಾಗೆ ಹೋಗುತ್ತೆ ನೋಡಿ

ನಮ್ ಶಿವಮೊಗ್ಗ ಜಿಲ್ಲೆಯ ಸಾಗರ-ಹೊಸನಗರ ಕಡೆ ಯಾರೇ ಊರಿನ ಇತಿಹಾಸ ಬರಿಯೋಕೆ ಕೂತ್ರೂ ಸೀದಾ ಕೆಳದಿ ಅರಸ ಶಿವಪ್ಪ ನಾಯಕನಿಂದ ಶುರು ಮಾಡ್ತಾರೆ, ಅದು ಆಮೇಲೆ ಮಾರಾಯ್ರೆ, ಮೊದ್ಲು ನಿಮ್ಮನೆ ಅಂಗಳದ ಮಳೆನೀರು ಯಾವ ಹಳ್ಳಕ್ಕೆ ಇಳಿಯುತ್ತೆ, ಆ ಹಳ್ಳ ಯಾವ ಹೊಳೆ ಸೇರುತ್ತೆ ಅಂತ ನೋಡ್ಕೊಳಿ. ಸಾಗರ ತಾಲೂಕೊಂದ್ರಲ್ಲೇ ಶರಾವತಿ ಪಶ್ಚಿಮಕ್ಕೆ ಹೋಗಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತೆ, ವರದಾಮೂಲದಲ್ಲಿ ಹುಟ್ಟೋ ವರದಾ ಉಲ್ಟಾ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆ ಜೊತೆ ಬಂಗಾಳ ಕೊಲ್ಲಿಗೆ.

ನೀರಾದ್ಮೇಲೆ ಹೆಸರು. ಸರ್ವೆ ಇಲಾಖೆಯ ದಿಶಾಂಕ್ ಆಪ್ ಹಾಕ್ಕೊಂಡ್ರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತೆ, ಆದ್ರೆ ಗದ್ದೆಗದ್ದೆಗೂ ಇರೋ ಹೆಸರು ಪಹಣಿಯಲ್ಲಿ ಇರಲ್ಲ, ಅದಕ್ಕೆ ಅಜ್ಜಿಯಂದ್ರನ್ನೇ ಕೇಳ್ಬೇಕು, ಕವಳ (ಎಲೆ-ಅಡಿಕೆ) ಹಾಕೋ ಹೊತ್ತಲ್ಲಿ ಕೇಳಿದ್ರೆ ಇನ್ನೂ ಚೆನ್ನಾಗಿ ಹೇಳ್ತಾರೆ. ಬೈಲು ಅಂದ್ರೆ ತಗ್ಗಿನ ಗದ್ದೆ, ಮಕ್ಕಿ ಅಂದ್ರೆ ಮೇಲಿನ ಮಳೆ ನಂಬಿದ ಗದ್ದೆ, ಬ್ಯಾಣ ಹುಲ್ಲಿನ ಜಾಗ, ಕಾನು ದಟ್ಟ ಕಾಡು. ಈಗ ಅಲ್ಲಿ ಅಡಿಕೆ ತೋಟ ಇದ್ರೂ ಹೆಸರು ಮಾತ್ರ ಹಳೇದನ್ನೇ ಹೇಳ್ತಾ ಇರುತ್ತೆ.

ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನಿಲ್ಸಿದ ವೀರಗಲ್ಲು ಸಿಕ್ರೆ ಕೆಳಗಿಂದ ಮೇಲಕ್ಕೆ ಓದಿ: ಕೆಳಗೆ ಕಾಳಗ, ಮಧ್ಯ ಅಪ್ಸರೆಯರು ವೀರನ್ನ ಕರ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಅವ್ನು. ದಯವಿಟ್ಟು ಬ್ರಷ್ ತಗೊಂಡು ಉಜ್ಜಬೇಡಿ, ಎಣ್ಣೆ ಸುಣ್ಣ ಬಳಿಬೇಡಿ, ಕತ್ತಲಾದ್ಮೇಲೆ ಪಕ್ಕದಿಂದ ಟಾರ್ಚ್ ಬಿಟ್ರೆ ಸವೆದ ಅಕ್ಷರನೂ ಎದ್ದು ಕಾಣುತ್ತೆ, ಆಗ ಫೋಟೋ ತೆಗೀರಿ. ಅದು ಮೊದ್ಲೇ ಓದಿರೋ ಶಾಸನನಾ ಅಂತ ನೋಡೋಕೆ ಬಿ.ಎಲ್. ರೈಸ್ ಅವ್ರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ನೋಡಿ, 1904ರದ್ದು. ನಾನು ಅದ್ರಲ್ಲಿ ಹೊಸನಗರ ಹೊಸನಗರ ಅಂತ ಅರ್ಧ ದಿನ ಹುಡುಕಿದೀನಿ, ಪೆದ್ದ, ಅದ್ರಲ್ಲಿರೋದು 'ನಗರ' ತಾಲೂಕು ಅಂತ! ಕೆಳದಿ ಅರಸರ ಬಿದನೂರನ್ನ 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಮಾಡ್ದ, ಅದೇ ಸವೆದು ನಗರ ಆಯ್ತು, ಆಮೇಲೆ ತಾಲೂಕು ಕಚೇರಿ ಕಲ್ಲೂರುಕಟ್ಟೆಗೆ ಹೋಗಿ ಆ ಊರು ಹೊಸನಗರ ಆಯ್ತು.

ಇನ್ನು ಮುಳುಗಡೆ. ಇದನ್ನ ಬಿಟ್ರೆ ನಮ್ ಕಡೆ ಇತಿಹಾಸ ಅರ್ಧನೇ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಡ್ಯಾಮ್ ಆದಾಗ ಊರುಗಳ ಜೊತೆ ಹಳೇ ಹಿರೇಭಾಸ್ಕರ ಡ್ಯಾಮೂ ನೀರೊಳಗೆ ಹೋಯ್ತು. ಲಿಂಗನಮಕ್ಕಿ ತುಂಬಿದ್ರೆ ನೀರು ಸಮುದ್ರಮಟ್ಟದಿಂದ 1819 ಅಡಿಗೆ ಬರುತ್ತೆ, ಏಪ್ರಿಲ್-ಮೇನಲ್ಲಿ ನೀರು ತುಂಬಾ ಇಳಿದ್ರೆ ಆ ಹಳೇ ಡ್ಯಾಮಿನ ಗೋಡೆ ಕಾಣುತ್ತೆ. ಹೋಗೋರು ಹಿನ್ನೀರಿನ ಕೆಸರಿಗೆ ಇಳಿಬೇಡಿ, ಮೇಲೆ ಒಣಗಿದಂಗೆ ಕಂಡ್ರೂ ಕಾಲು ಹೂತು ಹೋಗುತ್ತೆ. ಮುಳುಗಿದ ಊರಿನವ್ರು ಸಿಕ್ರೆ ಡೇಟು ಕೇಳ್ತಾ ಕೂರ್ಬೇಡಿ, ಒಂದು ಹಾಳೆ ಪೆನ್ನು ಕೊಟ್ಟು 'ನಿಮ್ಮನೆಯಿಂದ ಬಾವಿಗೆ ಹೆಂಗೆ ಹೋಗೋದಿತ್ತು ಅಜ್ಜ' ಅಂತ ಗೆರೆ ಎಳೆಸಿ.