ಹಳೇ ಮನೆ ನೋಡಲು ಹೋಗುವಾಗ ಜೇಬಲ್ಲಿ ಒಂದು ನಾಣ್ಯ ಇರಲಿ

ಬೆಂಗಳೂರಲ್ಲಿ ಮನೆ ಕೊಳ್ಳುವವರ ಜೊತೆ ನಾನು ಸುಮಾರು ಸಲ ಹೋಗಿದ್ದೇನೆ. ಎಲ್ಲರೂ ನೋಡುವುದು ಅದೇ ಮೂರು: ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆಗೆ ಗ್ರಾನೈಟ್ ಹಾಕಿದ್ದಾರಾ, ಕಾರು ನಿಲ್ಲುತ್ತಾ. ಇಪ್ಪತ್ತು ನಿಮಿಷದಲ್ಲಿ ಮುಗೀತು. ಆಮೇಲೆ ಕಾಫಿ, ರೇಟಿನ ಮಾತು.

ನನ್ನ ಷಡ್ಡಕ ಹೀಗೇ ಜಯನಗರದ ಕಡೆ ಒಂದು ಮನೆ ತೆಗೆದುಕೊಂಡರು. ಹೊಸ ಪೇಂಟು ಬಳಿದು ಮದುವೆಮನೆ ಥರ ಮಾಡಿಟ್ಟಿದ್ದರು. ಮೇ ತಿಂಗಳಲ್ಲಿ ಗೃಹಪ್ರವೇಶ ಆಯಿತು. ಆಗಸ್ಟ್ ಹೊತ್ತಿಗೆ ಹಾಲ್‌ನ ಗೋಡೆಯಿಂದ ಪೇಂಟು ಹಪ್ಪಳದ ಹಾಗೆ ಎದ್ದು ಬಂತು. ಮಾರಿದವರು ಫೋನ್ ಎತ್ತಲಿಲ್ಲ. ಎತ್ತಿದ್ದರೂ ಏನು ಮಾಡುತ್ತಿದ್ದರು, ಅಲ್ವಾ? ರಿಜಿಸ್ಟ್ರೇಷನ್ ಮುಗಿದಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಂಜಿನಿಯರ್ ಕರೆಸುವ ಮೊದಲು ನೀವೇ ನೋಡಬಹುದಾದದ್ದು ಬೇಕಾದಷ್ಟಿದೆ.

ಮೊದಲು ಮನೆಯ ವಯಸ್ಸು ಕಂಡುಕೊಳ್ಳಿ

1898ರ ಪ್ಲೇಗಿನ ನಂತರ ಎದ್ದವು ಬಸವನಗುಡಿ, ಮಲ್ಲೇಶ್ವರ. ಜಯನಗರ ಶುರುವಾದದ್ದು 1948ರಲ್ಲಿ. ಬಡಾವಣೆ ಮಾಡಿ ಸೈಟು ಹಂಚುವ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಂದದ್ದು 1976ರಲ್ಲಿ. ಈಗ ಹಳೇ ಬಡಾವಣೆಯ ಯಾವ ರಸ್ತೆಗೆ ಹೋದರೂ ಮಂಕಿ ಟಾಪ್ (ಕಿಟಕಿಯ ಮೇಲೆ ಮುಂದಕ್ಕೆ ಚಾಚಿದ ಮರದ ಮಾಡು) ಇರುವ ತಾತನ ಕಾಲದ ಮನೆ, ಅದರ ಪಕ್ಕ ಮೊಸಾಯಿಕ್ ನೆಲದ ಎಪ್ಪತ್ತರ ದಶಕದ ಮನೆ, ಅದರಾಚೆ ಮೊನ್ನೆ ಮೊನ್ನೆ ಎದ್ದ ನಾಲ್ಕು ಮಹಡಿ. ಒಂದೊಂದಕ್ಕೂ ಒಂದೊಂದು ಕಾಯಿಲೆ.

ಮಾರುವವರು ಹೇಳುವ ವಯಸ್ಸನ್ನು ನಂಬಬೇಡಿ. "ಇಪ್ಪತ್ತೇ ವರ್ಷ ಸಾರ್" ಅಂದರೆ ಬಹಳ ಸಲ ಇಪ್ಪತ್ತು ಆಗಿರುವುದು ಮೇಲಿನ ಮಹಡಿಗೆ ಮಾತ್ರ. ಬಾಗಿಲ ಚೌಕಟ್ಟಿನ ಹತ್ತಿರ ಟೇಪ್ ಹಿಡಿದು ಗೋಡೆಯ ದಪ್ಪ ಅಳೆಯಿರಿ. ಒಂದೂವರೆ ಅಡಿ ಇದ್ದರೆ ಕಲ್ಲು ಅಥವಾ ಹಳೇ ಇಟ್ಟಿಗೆ. ಒಳಗೆ ಸುಣ್ಣದ ಗಾರೆಯೋ ಮಣ್ಣೋ ಇರುತ್ತದೆ. ಹತ್ತು ಇಂಚಿನ ಆಸುಪಾಸು ಇದ್ದರೆ ಸುಟ್ಟ ಇಟ್ಟಿಗೆ, ಮನೆಯ ಭಾರವನ್ನು ಸಾಮಾನ್ಯವಾಗಿ ಗೋಡೆಯೇ ಹೊತ್ತಿರುತ್ತದೆ. ಆರೇಳು ಇಂಚಿದ್ದರೆ ಕಾಂಕ್ರೀಟ್ ಬ್ಲಾಕು, ಭಾರ ಪಿಲ್ಲರ್ ಮೇಲೆ.

ನಡುವಿನ ಜಾತಿಯ ಮನೆಯಲ್ಲೇ ಹುಷಾರಾಗಿರಬೇಕು. ಒಂದು ಮಹಡಿಗೆಂದು ಪಾಯ ಹಾಕಿ, ಮಕ್ಕಳು ದೊಡ್ಡವರಾದ ಮೇಲೆ ಬಾಡಿಗೆ ಆಸೆಗೆ ಮೇಲೆ ಎರಡು ಏರಿಸಿದ ಮನೆಗಳು ಬೇಕಾದಷ್ಟಿವೆ. ಪಾಯ ಎಷ್ಟು ಮಹಡಿಗೆ ಹಾಕಿದ್ದು ಅಂತ ಕೇಳಿ. "ಸ್ಟ್ರಾಂಗಾಗಿದೆ ಸಾರ್" ಅನ್ನುವುದು ಉತ್ತರ ಅಲ್ಲ. ಹಳೇ ಪ್ಲಾನ್ ತೋರಿಸದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡುವ ತನಕ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.

ಜೊತೆಗೆ ಒಯ್ಯಬೇಕಾದದ್ದು

ಟಾರ್ಚು, ಟೇಪು, ಒಂದು ನಾಣ್ಯ, ಹಳೇ ಎಟಿಎಂ ಕಾರ್ಡು, ಸ್ಕ್ರೂಡ್ರೈವರು, ಒಂದು ಗೋಲಿ, ಪೆನ್ಸಿಲ್ಲು, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ಹೋಗುವುದು ಮಳೆ ಬಂದ ಮಾರನೇ ದಿನ. ಬೆಂಗಳೂರಲ್ಲಿ ಸೆಪ್ಟೆಂಬರ್, ಅಕ್ಟೋಬರಿಗಿಂತ ಒಳ್ಳೇ ಕಾಲ ಇಲ್ಲ. ಫೆಬ್ರವರಿಯಲ್ಲಿ ಎಲ್ಲ ಮನೆಯೂ ಒಣಗಿ ಚೆನ್ನಾಗಿಯೇ ಕಾಣುತ್ತದೆ.

ನೀರಿನ ಜಾಡು ಹಿಡಿಯುವುದು

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಮನೆಯನ್ನು ಹಾಳು ಮಾಡುವುದು ಹೆಚ್ಚಾಗಿ ನೀರು. ಆ ನೀರನ್ನು ಮುಚ್ಚಿಡುವುದು ಪೇಂಟು.

ಒಳಗೆ ಕಾಲಿಟ್ಟ ತಕ್ಷಣ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ ಕೊಡಿ. ಗೋಡೆಯೊಳಗೆ ಕೂರಿಸಿದ ಬೀರುಗಳ ಬಾಗಿಲು ತೆಗೆದು, ತಲೆ ಒಳಗಿಟ್ಟು ಮೂಸಿ ನೋಡಿ. ಒದ್ದೆ ಗೋಣಿಚೀಲದ ವಾಸನೆ ಬಂದರೆ ಹಿಂದಿನ ಗೋಡೆಯಲ್ಲಿ ತೇವ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ರೂಮಲ್ಲೂ ಊದುಬತ್ತಿ ಹಚ್ಚಿಟ್ಟಿದ್ದರೆ ನನಗಂತೂ ಅನುಮಾನ. ಭಕ್ತಿ ಇರಲಿ, ಆದರೆ ಬಚ್ಚಲಿಗೂ ಊದುಬತ್ತಿಯೇ?

ಆಮೇಲೆ ಗೋಡೆಯ ಬುಡ. ನೆಲದಿಂದ ಹೀರಿಕೊಂಡು ಬರುವ ತೇವ ಸಾಮಾನ್ಯವಾಗಿ ಮೂರಡಿ ಎತ್ತರದ ತನಕ ಏರುತ್ತದೆ. ಹಳೇ ಮನೆಗಳಲ್ಲಿ ಪಾಯದ ಮೇಲೆ ತೇವ ತಡೆಯುವ ಪದರ ಇಲ್ಲದಿರುವುದೇ ಇದಕ್ಕೆ ಕಾರಣ. ನೀರು ಏರುವಾಗ ಮಣ್ಣಿನ ಉಪ್ಪನ್ನೂ ತರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆ ಉಪ್ಪೇ ಪೇಂಟನ್ನು ಒಳಗಿಂದ ದೂಡುವುದು. ಸ್ಕರ್ಟಿಂಗ್‌ಗಿಂತ (ಗೋಡೆಯ ಬುಡಕ್ಕೆ ಹಾಕಿದ ಪಟ್ಟಿ) ಸ್ವಲ್ಪ ಮೇಲೆ, ಗೋಡೆಯನ್ನು ನಾಣ್ಯದಿಂದ ಮೆಲ್ಲಗೆ ಕೆರೆಯಿರಿ. ಬಿಳೀ ಪುಡಿ ಉದುರಿ, ಅದರ ಹಿಂದೆ ಗಾರೆ ಮರಳಿನ ಹಾಗೆ ಸಡಿಲವಾಗಿದ್ದರೆ ರೋಗ ಹಳೆಯದು. ಹಾಲ್‌ನ ಗೋಡೆಗೆ ಸೊಂಟದೆತ್ತರದ ತನಕ ಟೈಲ್ಸ್ ಅಂಟಿಸಿದ್ದಾರಾ? ಹೊಸದಾಗಿ ಮರದ ಹಲಗೆ ಹೊದಿಸಿದ್ದಾರಾ? ಬೇರೆಯವರಿಗೆ ಅದು ಅಲಂಕಾರ. ನನಗೆ ಅದು ಬ್ಯಾಂಡೇಜು.

ಬಸವನಗುಡಿ ಕಡೆಯ ಸುಣ್ಣದ ಗಾರೆಯ ಮನೆಗಳಲ್ಲಿ ಇನ್ನೊಂದು ಎಡವಟ್ಟು ನೋಡಿದ್ದೇನೆ. ಗೋಡೆ ಉದುರುತ್ತದೆ ಅಂತ ಮೇಸ್ತ್ರಿ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಮೆತ್ತುತ್ತಾರೆ. ಸುಣ್ಣದ ಗೋಡೆ ಉಸಿರಾಡುವ ಗೋಡೆ. ಕೂಡಿದ ತೇವವನ್ನು ಗಾಳಿಗೆ ಬಿಟ್ಟುಕೊಂಡು ಬದುಕಿರುತ್ತದೆ. ಸಿಮೆಂಟ್ ಅದರ ಬಾಯಿ ಮುಚ್ಚುತ್ತದೆ. ಆಗ ತೇವ ಹೊರಗೆ ಬರಲಾಗದೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಆ ಮನೆಗೆ ಸುಣ್ಣವೇ ಬೇಕು.

ಈಗ ಬಚ್ಚಲು. ಒಳಗೆ ನಿಂತು ನೋಡಿ ಪ್ರಯೋಜನ ಇಲ್ಲ. ಅದರ ಬೆನ್ನಿಗಿರುವ ರೂಮಿನ ಗೋಡೆ ನೋಡಿ, ಕೆಳಗಿನ ಮಹಡಿಯ ಸೀಲಿಂಗ್ ನೋಡಿ. ತೊಂಬತ್ತರ ನಂತರದ ಬಹಳಷ್ಟು ಮನೆ, ಫ್ಲಾಟುಗಳಲ್ಲಿ ಬಚ್ಚಲ ಸ್ಲ್ಯಾಬನ್ನು ತಗ್ಗಿಸಿ, ಪೈಪು ಎಳೆದು, ಮೇಲೆ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಹಾಕುತ್ತಾರೆ. ಒಳಗೆ ಒಂದು ಜಾಯಿಂಟ್ ಬಿಟ್ಟರೆ ಆ ಗುಂಡಿ ಸದ್ದಿಲ್ಲದೆ ಬಾವಿಯಾಗುತ್ತದೆ. ಪರೀಕ್ಷೆ ಸುಲಭ. ನೀರು ಹೋಗುವ ಜಾಲರಿಗೆ ಬಟ್ಟೆ ತುರುಕಿ, ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ. ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. 24 ಗಂಟೆ ಬಿಟ್ಟು ಗುರುತನ್ನೂ ಕೆಳಗಿನ ಸೀಲಿಂಗನ್ನೂ ನೋಡಿ. ಕೂದಲೆಳೆಯಷ್ಟು ಇಳಿದರೆ ಗಾಬರಿ ಬೇಡ, ಆವಿಯಾಗಿರುತ್ತದೆ. ಅರ್ಧ ಇಂಚು ಇಳಿದಿದ್ದರೆ ಮೊದಲು ತುರುಕಿದ ಬಟ್ಟೆ ಸಡಿಲವಾಗಿದೆಯಾ ನೋಡಿ. ಬಟ್ಟೆ ಸರಿಯಿದ್ದರೆ ಬಚ್ಚಲು ಅಗೆಯುವ ಖರ್ಚನ್ನು ರೇಟಿನಲ್ಲಿ ಕಳೆಯಿರಿ.

ಗೋಡೆಯ ಮೇಲೆ ಒದ್ದೆ ಕಂಡರೂ ಎಲ್ಲಿಂದ ಅಂತ ಗೊತ್ತಾಗದಿದ್ದರೆ ಫಾಯಿಲ್ ತೆಗೆಯಿರಿ. ಒಂದಡಿ ಚೌಕದ ತುಂಡನ್ನು ಗೋಡೆಗಿಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿದೆ. ರೂಮಿನ ಕಡೆ ಕಟ್ಟಿದರೆ ಅದು ಗಾಳಿಯ ತೇವ. ಕಿಟಕಿ ತೆಗೆದರೆ ಸಾಕು. ಆನ್‌ಲೈನಲ್ಲಿ ಸಿಗುವ ಅಗ್ಗದ ಮುಳ್ಳಿನ ತೇವಾಂಶ ಮೀಟರ್ ತೆಗೆದುಕೊಂಡು ನಾನೂ ಮೋಸ ಹೋಗಿದ್ದೇನೆ. ಉಪ್ಪು ಹಿಡಿದ ಗೋಡೆಗೆ ಚುಚ್ಚಿದರೆ, ಗೋಡೆ ಒಣಗಿದ್ದರೂ ಅದು ಒದ್ದೆ ಅಂತ ತೋರಿಸುತ್ತದೆ.

ಕೊನೆಗೆ ತಾರಸಿ. ಕಾಲಿಟ್ಟ ಕೂಡಲೇ ಬಿಳಿ ಬಣ್ಣ ಕಂಡರೆ "ಓ, ವಾಟರ್‌ಪ್ರೂಫಿಂಗ್ ಆಗಿದೆ" ಅಂತ ಖುಷಿ ಪಡಬೇಡಿ. ಯಾಕೆ ಆಯಿತು ಅಂತ ಕೇಳಿ. ಎರಡು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ಹತ್ತಡಿಗೆ ಒಂದಿಂಚಿನಷ್ಟಾದರೂ ಇಳಿಜಾರು ಬೇಕು. ಇಳಿಜಾರೇ ಇಲ್ಲದ ತಾರಸಿಗೆ ಎಷ್ಟು ಡಬ್ಬ ಬಳಿದರೂ ಎರಡು ಮಳೆಗಾಲ, ಅಷ್ಟೇ. ಒಳಗಿನ ಗೋಡೆಗೆ ಬಳಿಯುವ ಡ್ಯಾಂಪ್‌ಪ್ರೂಫ್ ಪೇಂಟಿಗೆ ಬೆಲೆಯನ್ನೇ ಕೊಡಬೇಡಿ. ನೀರು ಬರುವುದು ಹೊರಗಿಂದ. ಒಳಗೆ ಬಳಿದರೆ ಅದು ಪಕ್ಕದ ಗೋಡೆ ಹುಡುಕಿಕೊಂಡು ಹೋಗುತ್ತದೆ.

ಬಿರುಕು: ಎಲ್ಲದಕ್ಕೂ ಹೆದರಬೇಡಿ

ಜೇಡರ ಬಲೆಯಂತೆ ತೆಳ್ಳಗೆ ಹರಡಿದ್ದು ಪ್ಲಾಸ್ಟರ್ ಒಣಗಿದ ಗುರುತು. ಪಿಲ್ಲರೂ ಗೋಡೆಯೂ ಸೇರುವಲ್ಲಿ ನೇರ ಗೆರೆ ಬಂದಿದ್ದರೆ ಅದೂ ಸಾಮಾನ್ಯ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟದ್ದು, ಇಟ್ಟಿಗೆ ಸಾಲಿನಲ್ಲಿ ಮೆಟ್ಟಿಲ ಹಾಗೆ ಏರಿದ್ದು, ಒಂದು ತುದಿ ಸಣ್ಣಗೆ ಇನ್ನೊಂದು ತುದಿ ಅಗಲವಾಗಿರುವುದು, ಇವು ಪಾಯ ಕುಸಿದಿರುವ ಸೂಚನೆ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಅದು ಸಲೀಸಾಗಿ ಒಳಗೆ ಹೋದರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಕು ಬರೆಯಿರಿ. ತಿಂಗಳ ನಂತರ ಬಂದು ನೋಡಿ. ಬೆಳೆದಿದ್ದರೆ ಬೇರೆ ಮನೆ ಹುಡುಕಿ. ಗೋಲಿಯನ್ನು ನೆಲದ ಮೇಲೆ ಬಿಡಿ. ಎರಡು ಮೂರು ರೂಮಲ್ಲಿ ಒಂದೇ ಮೂಲೆಗೆ ಓಡಿದರೆ ಅದೂ ಅದೇ ಕಥೆ.

ಆರ್‌ಸಿಸಿ ಸೀಲಿಂಗನ್ನು, ಮುಖ್ಯವಾಗಿ ಸಜ್ಜಾ ಮತ್ತು ಬಾಲ್ಕನಿಯ ತಳವನ್ನು, ಕೋಲಿನಿಂದ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ಟೊಳ್ಳು ಸದ್ದು ಬಂದರೆ ಒಳಗಿನ ಕಂಬಿಗೆ ತುಕ್ಕು ಹಿಡಿದಿರಬಹುದು. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತದೆ. ಕಂದು ಕಲೆ ಇಳಿದಿದ್ದರೆ ಅನುಮಾನವೇ ಬೇಡ. ಅದರ ಮೇಲೆ ಸಿಮೆಂಟ್ ಮೆತ್ತಿ ಮುಚ್ಚಿದ್ದನ್ನು ರಿಪೇರಿ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ, ಆದರೆ ಒಪ್ಪಬೇಡಿ.

ಮದ್ರಾಸ್ ತಾರಸಿ ಇದ್ದರೆ

ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಸುಣ್ಣದಲ್ಲಿ ಕೂರಿಸಿ ಮಾಡಿದ ಹಳೇ ಛಾವಣಿ ಇದು. ನನಗೆ ಬಹಳ ಇಷ್ಟ, ಬೇಸಿಗೆಯಲ್ಲೂ ತಂಪು. ತೊಲೆಯ ನಡುಭಾಗ ಗಟ್ಟಿಯಾಗಿರುತ್ತದೆ. ಕೊಳೆಯುವುದು ಗೋಡೆಯೊಳಗೆ ಹೋಗುವ ತುದಿ. ಏಣಿ ಹತ್ತಿ ಅಲ್ಲೇ ಸ್ಕ್ರೂಡ್ರೈವರ್ ಚುಚ್ಚಿ. ಬೆಣ್ಣೆಯಂತೆ ಇಳಿದರೆ ಮರ ಹೋಗಿದೆ. ಗೆದ್ದಲಿನ ಮಣ್ಣಿನ ಗೆರೆಗಳನ್ನೂ ಹುಡುಕಿ. ಕೆಳಗೆ ಪಿಒಪಿ ಸೀಲಿಂಗ್ ಹೊಡೆದು ತೊಲೆಗಳನ್ನು ಮುಚ್ಚಿದ್ದರೆ ಒಂದು ಕಡೆ ತೆಗೆಸಿ ನೋಡಲೇಬೇಕು. ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇಟ್ಟಿದ್ದಾರಾ? ತುಂಬಿದಾಗ ಅದು ಒಂದು ಟನ್.

ವೈರು, ಪೈಪು

ಮೀಟರ್ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸು ಇನ್ನೂ ಇದ್ದರೆ ಇಡೀ ಮನೆಯ ವೈರಿಂಗ್ ಬದಲಿಸುವ ಲೆಕ್ಕ ಹಾಕಿಕೊಳ್ಳಿ. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ, ಕರೆಂಟು ಹೋಗಬೇಕು. ಅದರ ಮೇಲೆ 30 ಮಿಲಿಆಂಪ್ ಅಂತ ಬರೆದಿರಬೇಕು. ಮೂರು ಪಿನ್ ಸಾಕೆಟ್ ಇದೆ ಅಂದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಟೆಸ್ಟರಿನಿಂದ ಅದು ಗೊತ್ತಾಗುವುದಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ.

ನಲ್ಲಿಯನ್ನು ಬೆಳಿಗ್ಗೆ ಮೊದಲ ಸಲ ಬಿಟ್ಟಾಗ ಟೀ ಬಣ್ಣದ ನೀರು ಬಂದರೆ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗೆ ತುಕ್ಕು ಹಿಡಿದಿದೆ. ಸಂಪಿಗೂ ಬಚ್ಚಲಿನ ನೀರು ಹೋಗುವ ಚೇಂಬರಿಗೂ ಎಷ್ಟು ದೂರ ನೋಡಿ. ಪಕ್ಕಪಕ್ಕ ಇದ್ದರೆ ನನಗಂತೂ ಆ ಮನೆಯ ಕಾಫಿಯೂ ಬೇಡ.

ಗೇಟಿನ ಹೊರಗೆ ನಿಂತು

ರಸ್ತೆಗೆ ಪ್ರತಿ ಸಲ ಡಾಂಬರು ಹಾಕಿದಾಗಲೂ ಅದು ಎತ್ತರವಾಗುತ್ತದೆ, ಮನೆ ಅಲ್ಲೇ ಇರುತ್ತದೆ. ಹಳೇ ಬಡಾವಣೆಗಳಲ್ಲಿ ಗೇಟಿನಿಂದ ಎರಡು ಮೆಟ್ಟಿಲು ಕೆಳಗಿಳಿದು ಹೋಗಬೇಕಾದ ಮನೆ ಕಂಡರೆ ಮಳೆನೀರೂ ಅದೇ ಮೆಟ್ಟಿಲು ಇಳಿಯುತ್ತದೆ. ಪಕ್ಕದ ಮನೆಯವರನ್ನು, ಬೀದಿಯ ಅಂಗಡಿಯವರನ್ನು ಕೇಳಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಕರೆತಂದರು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸೈಟಿನ ಮೇಲೆ ನಿಂತು ಸರ್ವೆ ನಂಬರ್ ನೋಡಿದರೆ ಕೆರೆಯೋ ರಾಜಕಾಲುವೆಯೋ ಪಕ್ಕದಲ್ಲಿದ್ದರೆ ಗೊತ್ತಾಗುತ್ತದೆ. ಮೊಬೈಲಲ್ಲಿ ಐದು ನಿಮಿಷದ ಕೆಲಸ.

ಖಾತಾ, ಋಣಭಾರ ಪತ್ರ, ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪತ್ರ) ಎಲ್ಲ ವಕೀಲರಿಗೆ ಬಿಡಿ. ಬ್ರೋಕರ್ ತೋರಿಸಿದ ವಕೀಲರಿಗಲ್ಲ, ನಿಮ್ಮ ವಕೀಲರಿಗೆ. ಹೊಸ ಫ್ಲಾಟಾದರೆ ಒಂದು ಅನುಕೂಲ ಇದೆ. ಮನೆ ಕೊಳ್ಳುವವರನ್ನು ಕಾಯುವ ರೇರಾ ಕಾಯ್ದೆಯಡಿ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಪಡಿಸಿಕೊಡಬೇಕು. ಫೋಟೊ ತೆಗೆದು ಇಮೇಲ್ ಕಳಿಸಿ, ಬಾಯಿಮಾತು ಬೇಡ.

ಹಳೇ ಮನೆಗೆ ಆ ಅನುಕೂಲ ಇಲ್ಲ. ಅಲ್ಲಿ ರಿಪೇರಿಯ ಪಟ್ಟಿ, ಅಂದಾಜು ಖರ್ಚು, ಅದನ್ನು ಯಾರು ಮಾಡಿಸುತ್ತಾರೆ ಅನ್ನುವುದು, ಮೂರನ್ನೂ ಅಗ್ರಿಮೆಂಟಿನಲ್ಲೇ ಬರೆಸಿ. ನಾನು ಹೋದ ಒಂದು ಮನೆಯಲ್ಲಿ ಬಚ್ಚಲಿಗೆ ನೀರು ಕಟ್ಟಿ ಒಂದು ದಿನ ಬಿಡುತ್ತೇವೆ ಅಂದದ್ದಕ್ಕೆ ಮಾಲೀಕರು, "ನಿಮಗೆ ಮನೆ ಬೇಕೋ ಸ್ವಿಮ್ಮಿಂಗ್ ಪೂಲ್ ಬೇಕೋ?" ಅಂದರು. ನಾವು ಚಪ್ಪಲಿ ಹಾಕಿಕೊಂಡು ಹೊರಟೆವು. ಗೇಟು ದಾಟುವ ಮೊದಲೇ ಹಿಂದಿನಿಂದ ಕರೆದು ಎರಡು ಲಕ್ಷ ಇಳಿಸಿದರು. ಆದರೂ ತೆಗೆದುಕೊಳ್ಳಲಿಲ್ಲ.