ಖೋನ್ ಕೇನ್ ಕಡೆ ಹೋದರೆ ಒಂದು ದಿನ ಕೆರೆ ದಂಡೆಗೆ ಇಡಿ

ಥಾಯ್ಲೆಂಡ್ ಅಂದರೆ ಪಟ್ಟಾಯ, ಫುಕೆಟ್ ಅಷ್ಟೇ ಅಲ್ಲ. ಈಶಾನ್ಯದ ಖೋನ್ ಕೇನ್‌ನಿಂದ ಸುಮಾರು 50 ಕಿ.ಮೀ. ದೂರದಲ್ಲಿ ಉಬೋನ್‌ರತ್ ಅಣೆಕಟ್ಟಿದೆ. 1966ರಲ್ಲಿ ಮುಗಿದದ್ದು. ಅದರ ಹಿನ್ನೀರಿನ ದಂಡೆಯೇ ಬಾಂಗ್‌ಸೇನ್ 2. ಸಮುದ್ರ ದೂರವಿರುವ ಅಲ್ಲಿನ ಜನರಿಗೆ ಇದೇ ಬೀಚ್.

ನೀರಿನ ಮೇಲೆ ತೇಲುವ ತೆಪ್ಪಗಳೇ ಹೋಟೆಲ್. ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಬೇಕು. ಮೀನು ತಿನ್ನುವವರು ಪ್ಲಾ ಫಾವ್ ಬಿಡಬೇಡಿ. ಮೀನಿನ ಹೊಟ್ಟೆಗೆ ಮಜ್ಜಿಗೆ ಹುಲ್ಲು ತುಂಬಿ, ಮೈಗೆಲ್ಲ ಉಪ್ಪು ಮೆತ್ತಿ ಕೆಂಡದ ಮೇಲೆ ಸುಡುತ್ತಾರೆ. ಉಪ್ಪಿನ ಸಮೇತ ಚರ್ಮ ಸುಲಿದರೆ ಒಳಗೆ ಬೆಳ್ಳಗೆ, ಮೆತ್ತಗೆ. ಜೊತೆಗೆ ಬಿದಿರಿನ ಪುಟ್ಟಿಯಲ್ಲಿ ಅಂಟಂಟು ಅನ್ನ. ಕೈಯಲ್ಲೇ ಉಂಡೆ ಮಾಡಿ ತಿನ್ನಿ, ನಮಗೇನು ಹೊಸದಲ್ಲ ಅಲ್ವಾ!

ಸಸ್ಯಾಹಾರಿಗಳೇ, ಪರಂಗಿಕಾಯಿ ಕುಟ್ಟಿ ಮಾಡುವ ಸೋಮ್ ತಮ್ ಸಲಾಡ್ ನೋಡಿ ಸುಮ್ನೆ ಬಾಯಿಗೆ ಹಾಕಬೇಡಿ. ಮೀನಿನ ಸಾಸ್, ಒಣ ಸೀಗಡಿ ಇರುತ್ತದೆ. ಕುಟ್ಟುವ ಮೊದಲೇ "ಮೈ ಸೈ ನಾಮ್ ಪ್ಲಾ, ಮೈ ಸೈ ಪ್ಲಾ ರಾ, ಮೈ ಸೈ ಕುಂಗ್" ಅಂತ ಹೇಳಿ. ಅಂದರೆ ಮೀನಿನ ಸಾಸ್, ಹುದುಗಿಸಿದ ಮೀನು, ಸೀಗಡಿ ಯಾವುದೂ ಹಾಕಬೇಡಿ ಅಂತ. ಖಾರವೂ ಜಾಸ್ತಿ.

ವಾರದ ನಡುವೆ ಹೋಗಿ. ಏಪ್ರಿಲ್ ಮಧ್ಯದ ಸೊಂಗ್‌ಕ್ರಾನ್ ಹಬ್ಬದಲ್ಲಿ ಕಾಲಿಡಲೂ ಜಾಗ ಸಿಗುವುದು ಕಷ್ಟ. ನಗದು ಇಟ್ಟುಕೊಳ್ಳಿ, ಮೀನಿನ ಬೆಲೆ ಮೊದಲೇ ಕೇಳಿ. ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಲೇಬೇಕು. ಹಿನ್ನೀರಿನ ತಳ ಎಲ್ಲಿ ಆಳವಾಗುತ್ತದೋ ಮೇಲಿಂದ ಕಾಣುವುದಿಲ್ಲ. ಟ್ಯೂಬ್, ಬನಾನಾ ಬೋಟ್ ಹತ್ತುವಾಗಲೂ ಲೈಫ್ ಜಾಕೆಟ್ ಬೇಕೇ ಬೇಕು.