ಲಗ್ನಪತ್ರಿಕೆಯ ಗ್ಲೈಡರ್: ಮೊದಲು ತೂಕ, ಆಮೇಲೆ ರೆಕ್ಕೆ

ಮೂವತ್ತು ವರ್ಷ ಹ್ಯಾಂಗರಿನಲ್ಲಿ ವಿಮಾನ ತೂಗಿದವನು ನಾನು. ಮೂರು ಕಡೆಯ ಗಾಲಿಗಳ ಕೆಳಗೂ ತಕ್ಕಡಿ ಇಟ್ಟು, ತೂಕ ಬರೆದುಕೊಂಡು, ಇಡೀ ವಿಮಾನದ ಭಾರ ಎಲ್ಲಿ ನಿಂತಿದೆ ಎಂದು ಲೆಕ್ಕ ಹಾಕಬೇಕು. ಆ ಗುರುತ್ವ ಕೇಂದ್ರ ಮಿತಿ ದಾಟಿ ಹಿಂದಕ್ಕೆ ಸರಿದಿದ್ದರೆ ಎಂಥ ಎಂಜಿನ್ ಇದ್ದರೂ ವಿಮಾನ ಹೊರಡುವ ಹಾಗಿಲ್ಲ. ಅದಕ್ಕೇ ಮೊಮ್ಮಗಳು "ತಾತ, ವಿಮಾನ ಹೇಗೆ ಹಾರುತ್ತೆ?" ಎಂದಾಗ ನಾನು ತೂಕದ ಮಾತನ್ನೇ ಮೊದಲು ಎತ್ತಿದೆ.

ಆಮೇಲೆ ಇಬ್ಬರೂ ಕೂತು ಒಂದು ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನ, ಮಾಡಿದೆವು. ಅದಕ್ಕೆ ಬೇಕಾದದ್ದು ದಪ್ಪ ಲಗ್ನಪತ್ರಿಕೆ, 25 ಸೆಂ.ಮೀ. ಬಿದಿರು ಕಡ್ಡಿ, ಫೆವಿಕಾಲ್, ಮಕ್ಕಳಾಡುವ ಕ್ಲೇ. ಪತ್ರಿಕೆಯ ಮಡಿಕೆ ನಡುವೆ ಬರುವಂತೆ 28 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ರೆಕ್ಕೆ ಕತ್ತರಿಸಿ. ಮಡಿಕೆಯಿಂದ ಎರಡೂ ತುದಿ ಎರಡೂವರೆ ಸೆಂ.ಮೀ. ಮೇಲಕ್ಕೇಳಲಿ. ಒಂದು ಪಕ್ಕಕ್ಕೆ ವಾಲಿ ಜಾರತೊಡಗಿದರೆ ಈ ಏರುಕೋನವೇ ಅದನ್ನು ನೆಟ್ಟಗೆ ಮಾಡುತ್ತದೆ. ರೆಕ್ಕೆಯನ್ನು ಪೆನ್ಸಿಲ್ ಮೇಲೆ ಎಳೆದು ಬೆನ್ನು ತುಸು ಉಬ್ಬಿಸಿ. ಕಡ್ಡಿಯ ಮೂತಿಯಿಂದ 6 ಸೆಂ.ಮೀ. ಬಿಟ್ಟು ಅಂಟಿಸಿ, ಮುಂದಿನ ಅಂಚಿನ ಕೆಳಗೆ 2 ಮಿ.ಮೀ. ರಟ್ಟಿನ ಚೂರು ಇರಲಿ. ಬಾಲಕ್ಕೆ 10×4 ಸೆಂ.ಮೀ. ಅಡ್ಡಪಟ್ಟಿ, ಅದರ ಮೇಲೆ ನೆಟ್ಟಗೆ ನಿಂತ 4 ಸೆಂ.ಮೀ. ಚೌಕ.

ರಟ್ಟಿನ ಚೂರು ಯಾಕೆ? ರೆಕ್ಕೆ ಗಾಳಿಗೆ ಸ್ವಲ್ಪ ಓರೆಯಾಗಿ ನಿಂತು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಹಿಂದಿನ ಅಂಚಿನಲ್ಲಿ ಒಟ್ಟಿಗೇ ಸೇರಬೇಕು, ಅದಕ್ಕೇ ಮೇಲಿನದು ಓಡುತ್ತದೆ ಎಂದು ಇವತ್ತಿಗೂ ಮಕ್ಕಳಿಗೆ ಹೇಳಿಕೊಡುತ್ತಾರೆ. ದಯವಿಟ್ಟು ಹೇಳಬೇಡಿ, ಅದು ತಪ್ಪು. ಮೇಲಿನ ಗಾಳಿ ಮೊದಲೇ ತಲುಪಿಬಿಡುತ್ತದೆ, ಕೆಳಗಿನದಕ್ಕೆ ಕಾಯುವುದಿಲ್ಲ.

ಅಂಟು ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ರೆಕ್ಕೆಯ ಮುಂದಿನ ಅಂಚಿನಿಂದ 1.8 ಸೆಂ.ಮೀ. ಹಿಂದೆ, ಕಡ್ಡಿಯ ಎರಡೂ ಪಕ್ಕ ಚುಕ್ಕಿ ಇಡಿ. ಅಲ್ಲಿ ಎರಡು ಬೆರಳ ತುದಿಯ ಮೇಲೆ ಗ್ಲೈಡರನ್ನು ನಿಲ್ಲಿಸಿ. ಬಾಲ ಕೆಳಗೆ ಬೀಳುತ್ತದೆ. ಮೂತಿಗೆ ಕ್ಲೇ ಮೆತ್ತುತ್ತಾ ಹೋಗಿ, ಕಡ್ಡಿ ಮಟ್ಟವಾಗುವವರೆಗೆ. ನಮ್ಮದಕ್ಕೆ ಗೋಲಿಯಷ್ಟು ಹಿಡಿಯಿತು.

ಗಾಳಿಯಿಲ್ಲದ ಹೊತ್ತು ನೋಡಿ, ಮೂತಿ ತುಸು ಕೆಳಗೆ ಮಾಡಿ, ಮೆಲ್ಲಗೆ ತಳ್ಳಿ. ಎಸೆಯಬೇಡಿ. ಮೂತಿ ಎತ್ತಿ, ಗಕ್ಕನೆ ನಿಂತು, ದೊಪ್ಪನೆ ಬಿದ್ದರೆ ಅದೇ ಸ್ಟಾಲ್. ಓರೆ ವಿಪರೀತವಾದಾಗ ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿ ಹರಿಯಲಾರದು, ಕಿತ್ತುಕೊಳ್ಳುತ್ತದೆ. ಸಾಮಾನ್ಯ ರೆಕ್ಕೆಗಳಲ್ಲಿ ಇದು ಸುಮಾರು 15 ಡಿಗ್ರಿಗೆ. ಹೀಗಾದರೆ ಮೂತಿಗೆ ಇನ್ನಷ್ಟು ಕ್ಲೇ ಹಾಕಿ. ಸೀದಾ ನೆಲಕ್ಕೆ ಮುಗ್ಗರಿಸಿದರೆ ತುಸು ಕ್ಲೇ ತೆಗೆಯಿರಿ. ಎಡಕ್ಕೆ ತಿರುಗುತ್ತಿದ್ದರೆ ಮೊದಲು ರೆಕ್ಕೆ ತಿರುಚಿದೆಯೇ ನೋಡಿ, ಆಮೇಲೆ ಬಾಲದ ಚೌಕದ ಹಿಂಬದಿಯನ್ನು ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊಮ್ಮಗಳು ಅವಸರದಲ್ಲಿ ಎರಡನ್ನೂ ಒಟ್ಟಿಗೆ ಬದಲಿಸಿದಳು, ಯಾವುದರಿಂದ ಸರಿಹೋಯಿತೆಂದು ಗೊತ್ತಾಗದೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಬಿಟ್ಟ ಎತ್ತರ, ಹೋದ ದೂರ ಎರಡನ್ನೂ ಬರೆದಿಡಿ. ನಮ್ಮದು 1.4 ಮೀಟರ್ ಎತ್ತರದಿಂದ 7 ಮೀಟರ್ ಹೋಯಿತು, ಅಂದರೆ 1ಕ್ಕೆ 5. 2001ರಲ್ಲಿ ಅಟ್ಲಾಂಟಿಕ್ ಮೇಲೆ ಇಂಧನ ಮುಗಿದು ಎರಡೂ ಎಂಜಿನ್ ನಿಂತ ಏರ್‌ಬಸ್ ಎ330 ಸುಮಾರು 19 ನಿಮಿಷ ಹೀಗೇ ತೇಲಿ ಅಜೋರ್ಸ್ ದ್ವೀಪದಲ್ಲಿ ಇಳಿಯಿತು, ಒಳಗಿದ್ದವರೆಲ್ಲ ಬದುಕಿದರು. ಅದನ್ನು ಕೇಳಿದ ಮೊಮ್ಮಗಳು 7 ಮೀಟರನ್ನು 8 ಮಾಡಲು ಮತ್ತೆ ಕ್ಲೇ ಹಿಡಿದು ಕೂತಳು.